ಸಾಲುಗಲ್ಲಿನ ದಾರಿ

ಶಿವಣ್ಣಗೌಡರಿಗೆ ನಮ್ಮ ಪೇಟೆಯಲ್ಲಿ ಒಳ್ಳೆಯ ಹೆಸರಿದೆ. ಆ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಜನ ನೆಮ್ಮದಿಯಾಗಿ ನಡೆಯಲಿ, ಸೈಕಲ್ಲಿನವರು ಗಾಡಿಗೆ ಸಿಕ್ಕಿ ಸಾಯದಿರಲಿ ಎಂದು ದಾರಿ ಮಾಡಿಸಿಕೊಟ್ಟ ಪುಣ್ಯಾತ್ಮನಂತೆ. ಥೂ!

ಮಂಡ್ಯ ಜಿಲ್ಲೆಯಾದ ಮರುವರ್ಷದ ಮಾತು. ಕಬ್ಬು ಅರೆಯುವ ಕಾಲ ಬಂತೆಂದರೆ ಸ್ಟೇಷನ್ನಿನಿಂದ ಸಕ್ಕರೆ ಕಾರ್ಖಾನೆಯವರೆಗೆ ಎತ್ತಿನಗಾಡಿಗಳ ಸಾಲು. ಗಾಡಿಯವರು ಮೂಕಿಯ ಮೇಲೆ ಕೂತು ತೂಕಡಿಸುತ್ತಿದ್ದರು. ಕಾರ್ಖಾನೆಯ ಸೈರನ್ ಕೂಗಿದರೆ ಸಾಲು ಮುಂದೆ ಸರಿಯುತ್ತದೆಂಬುದು ಎತ್ತುಗಳಿಗೇ ರೂಢಿಯಾಗಿತ್ತು. ಕೂಗಿದ ತಕ್ಷಣ ಯಾರೂ ಬಾಲ ಮುರಿಯದಿದ್ದರೂ ಅವು ಎಳೆಯುತ್ತಿದ್ದವು. ಹಾಗಾಗಿ ಪ್ರತಿವರ್ಷ ಯಾರದಾದರೂ ಕಾಲೋ ಕೈಯೋ ಚಕ್ರಕ್ಕೆ ಹೋಗುತ್ತಿತ್ತು.

ಆ ವರ್ಷ ಪೇಟೆ ಸುಧಾರಣಾ ಸಮಿತಿಯವರು ರಸ್ತೆಯ ಮಗ್ಗುಲಿಗೆ ಮಣ್ಣು ಏರಿಸಿ ಬೇರೆ ದಾರಿ ಮಾಡಿದರು. ಗೌಡರೇ ಅದಕ್ಕೆ ಅಧ್ಯಕ್ಷರು. ಗಾಡಿ ನುಗ್ಗದಂತೆ ಅಂಚಿನುದ್ದಕ್ಕೂ ಸಾಲಾಗಿ ಕಲ್ಲು ನೆಡಿಸಿದರು. ನಡೆಯುವವರು, ಸೈಕಲ್ಲಿನವರು ಅದರ ಮೇಲೇ ಹೋಗಬೇಕು, ರಸ್ತೆಗಿಳಿದು ಏನಾದರೂ ಆದರೆ ಗಾಡಿಯವನನ್ನು ಕೇಳುವ ಹಾಗಿಲ್ಲ ಎಂದು ತಮಟೆ ಹೊಡೆಸಿ ಸಾರಿದರು. ಸೈಕಲ್ ಅಂಗಡಿಯವನು ನಾನು, ಎಲ್ಲರಿಗಿಂತ ಹೆಚ್ಚು ಖುಷಿ ನನಗೇ. ನನ್ನ ಅಂಗಡಿಯ ಎದುರಿಗೇ ಗೌಡರ ಮನೆ. ಹೊಸ ದಾರಿ ಅವರ ಜಗಲಿಗೆ ಅಂಟಿಕೊಂಡೇ ಹೋಗುತ್ತಿತ್ತು.

ಹೊಲಗೇರಿಯ ಕರಿಸಿದ್ದಯ್ಯ ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಇಳಿಸುವವನು. ತಡವಾಗಿ ಹೋದರೆ ಅವತ್ತಿನ ಕೆಲಸ ಇಲ್ಲ. ಅದಕ್ಕೇ ನನ್ನ ಹತ್ತಿರ ಒಂದು ಹಳೆಯ ಸೈಕಲ್ ಕೊಂಡಿದ್ದ. ಕೇರಿಗೆ ಸೈಕಲ್ ತಂದವನು ಅವನೇ ಮೊದಲು. ದಾರಿ ತೆರೆದ ಬೆಳಿಗ್ಗೆ ಬೆಲ್ಲು ಬಾರಿಸಿಕೊಂಡು, ಹಲ್ಲು ಕಿರಿದುಕೊಂಡು ಬಂದ.

ಗೌಡರು ಜಗಲಿಯಲ್ಲಿ ಕೂತು ಎಲೆಯಡಿಕೆ ಹಾಕುತ್ತಿದ್ದರು. "ಲೇ ಕರಿಯ, ನಿಂತ್ಕಳ್ಲಾ. ಎಲ್ಗೆ ಸವಾರಿ?"

ಅವನು ಧಡಕ್ಕನೆ ಇಳಿದ. "ಕೆಲ್ಸಕ್ಕೆ ಬುದ್ಧಿ. ಇದ್ರ ಮ್ಯಾಲೇ ಓಗ್ಬೇಕು ಅಂತ ತಮಟೆ ಒಡ್ಸಿದ್ರಲ್ಲ..."

"ಓಗ್ಲಾ, ಬ್ಯಾಡ ಅಂದೋರ್ಯಾರು? ನಮ್ಮನೆ ಬಾಗ್ಲು ಮುಂದೆ ಮಾತ್ರ ಬ್ಯಾಡ. ನಿಮ್ಮಪ್ಪ ಇಲ್ಲಿ ಕೆರ ಮೆಟ್ಕಂಡು ಓಗಿದ್ನೇನ್ಲಾ? ರಸ್ತೆಗೆ ಇಳಿ. ಇಳ್ದು ಸೈಕಲ್ಲ ತಲೆ ಮ್ಯಾಲೆ ಒತ್ಕೊ. ನಮ್ಮನೆ ದಾಟುದ್ಮೇಲೆ ಅತ್ಕೊ."

ಅವನು ಕಲ್ಲುಗಳ ಸಂದಿಯಲ್ಲಿ ನುಸುಳಿ ಇಳಿದ. ಸೈಕಲ್ಲನ್ನು ತಲೆಗೇರಿಸಿಕೊಂಡು ಗಾಡಿಗಳ ನಡುವೆ ತಡವರಿಸುತ್ತಾ ಹೋದ. "ನೋಡ್ರಲಾ, ಸವಾರನ ಮ್ಯಾಲೆ ಕುದ್ರೆ ಕುಂತದೆ!" ಎಂದು ಜಗಲಿಯಲ್ಲಿದ್ದವರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ತಡೆಯಲಿಲ್ಲ. "ಏನ್ ಗೌಡ್ರೆ ಇದು? ಗಾಡಿ ಮೈಮ್ಯಾಲೆ ಅರುದ್ರೆ ಅವ್ನ ಎಂಡ್ತಿ ಮಕ್ಳಿಗೆ ಯಾರು ಗತಿ?" ಎಂದೆ.

"ನಿನ್ ಪಂಚರ್ ನೀನ್ ಆಕ್ಕೊ ಸಿದ್ರಾಜು," ಎಂದರು.

ಆಮೇಲೆ ಯಾರೂ ಹೇಳಬೇಕಾಗಿರಲಿಲ್ಲ. ಗೌಡರ ಮನೆ ಬಂದ ಕೂಡಲೇ ಕೇರಿಯವರು ತಾವೇ ರಸ್ತೆಗಿಳಿಯುತ್ತಿದ್ದರು, ಮನೆ ದಾಟಿದ ಮೇಲೆ ಹತ್ತುತ್ತಿದ್ದರು. ಜಗಲಿ ಖಾಲಿಯಿದ್ದರೂ ಇಳಿಯುತ್ತಿದ್ದರು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ ಗಾಡಿಗಳು ಕಲ್ಲಿಗೆ ಒತ್ತಿಕೊಂಡೇ ನಿಂತಿದ್ದವು. ಜಗಲಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಆದರೂ ಕರಿಸಿದ್ದಯ್ಯ ಇಳಿದ. ಸೈಕಲ್ ಹೊತ್ತು ಎರಡು ಗಾಡಿಗಳ ನಡುವೆ ತೂರುತ್ತಿದ್ದಾಗ ಕಾರ್ಖಾನೆ ಕೂಗಿತು. ಹಿಂದಿನ ಎತ್ತುಗಳು ಎಳೆದವು. ಗಾಡಿಯವನು ಕಣ್ಣುಬಿಟ್ಟು ಹಗ್ಗ ಜಗ್ಗುವಷ್ಟರಲ್ಲಿ ಚಕ್ರ ಇವನ ಎದೆ ಹತ್ತಿತ್ತು. ಅಯ್ಯೋ, ನಾನು ಓಡಿದೆ. "ಸಾಮಿ, ಸೈಕಲ್ಲು..." ಎಂದ. ಇನ್ನೊಂದು ಮಾತು ಬರಲಿಲ್ಲ. ಆ ಗಾಡಿ ಗೌಡರದು.

ಮಣ್ಣು ಮಾಡಿದ ಮರುದಿನ ಗೌಡರ ಅಂಗಳದಲ್ಲೇ ಸಮಿತಿ ಸೇರಿತು. ಕರಿಸಿದ್ದಯ್ಯನ ಹೆಂಡತಿ ಬೀರಮ್ಮ ಪುಟ್ಟ ಮಗಳನ್ನು ಎತ್ತಿಕೊಂಡು ದೂರದಲ್ಲಿ ನಿಂತಿದ್ದಳು. ಗೌಡರು ಬಲು ಮೆತ್ತಗೆ ಕೇಳಿದರು: "ಅಲ್ಲ ಕಣಮ್ಮ, ಅಷ್ಟು ಸಂದಾಗಿ ದಾರಿ ಮಾಡ್ಸಿಕೊಟ್ಟಿದ್ದೊ. ನಿನ್ ಗಂಡ ಯಾಕೆ ರಸ್ತೆಗೆ ಇಳ್ದ?"

"ಇಳಿಸ್ದೋರು ನೀವಲ್ವಾ!" ಎಂದು ನಾನು ಕಿರುಚಿದೆ.

ಗೌಡರು ನನ್ನ ಕಡೆ ತಿರುಗಲೂ ಇಲ್ಲ. "ನೀನೇ ಏಳು ಬೀರಿ. ಅವತ್ತು ನಾನು ಜಗಲಿ ಮ್ಯಾಲೆ ಇದ್ನಾ? ಇಳಿ ಅಂದ್ನಾ?"

ಅವಳ ಗುಡಿಸಲು ಇದ್ದದ್ದು ಗೌಡರ ಜಮೀನಿನಲ್ಲಿ, ಅವಳ ಅಣ್ಣಂದಿರು ದುಡಿಯುತ್ತಿದ್ದದ್ದು ಗೌಡರ ಗದ್ದೆಯಲ್ಲಿ. ಅವಳು ನೆಲ ನೋಡಿದಳು. "ಇಲ್ಲ ಬುದ್ಧಿ. ಅವ್ನೇ ಇಳ್ಕಂಡ."

"ಅಂಗಾದ್ರೆ ತಪ್ಪು ಯಾರ್ದು?"

"ಅವಂದೇ ಬುದ್ಧಿ."

ಮುಂಡೇವು, ಅವಳ ಬಾಯಿಂದಲೇ ಹೇಳಿಸಿದವಲ್ಲ! ಸಮಿತಿಯವರೆಲ್ಲ ನ್ಯಾಯ ಮುಗಿಯಿತೆಂಬಂತೆ ತಲೆಯಾಡಿಸಿದರು.

ಆಮೇಲೆ ಗೌಡರು ಇನ್ನೊಂದು ಸುಧಾರಣೆ ಹೇಳಿದರು. ಇನ್ನು ಮುಂದೆ ಯಾರೂ ಹೀಗೆ ರಸ್ತೆಗಿಳಿದು ಸಾಯಬಾರದು. ಅದಕ್ಕೆ ಕಲ್ಲಿನಿಂದ ಕಲ್ಲಿಗೆ ಉದ್ದಕ್ಕೂ ಕಬ್ಬಿಣದ ಸರಪಳಿ ಬಿಗಿಸಬೇಕು. ಎಲ್ಲರೂ ಒಪ್ಪಿದರು, ಒಬ್ಬರಂತೂ ಚಪ್ಪಾಳೆ ತಟ್ಟಿದರು. ವಾರದೊಳಗೆ ಸ್ಟೇಷನ್ನಿನಿಂದ ಕಾರ್ಖಾನೆಯವರೆಗೆ ಸರಪಳಿ ಬಿಗಿದಾಯಿತು.

ಬೀರಮ್ಮನಿಗೆ ಕಾರ್ಖಾನೆಯ ಅಂಗಳ ಗುಡಿಸುವ ಕೆಲಸ ಸಿಕ್ಕಿತು. ಒಂದು ದಿನ ಟೈರು ತರಲು ಸ್ಟೇಷನ್ನಿಗೆ ಹೋಗಿದ್ದೆ. ನೋಡಿದರೆ ಅವಳು ಮಗಳ ಕೈ ಹಿಡಿದುಕೊಂಡು ಅಲ್ಲಿಂದಲೇ ಗಾಡಿಗಳ ನಡುವೆ ಹೊರಟಿದ್ದಾಳೆ. ಹಿಂದೆ ಕೇರಿಯ ಇನ್ನಷ್ಟು ಹೆಂಗಸರು. ಪಕ್ಕದಲ್ಲಿ ದಾರಿ ಬಟಾಬಯಲಾಗಿ ಬಿದ್ದಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು.

"ಏ ಬೀರಮ್ಮ, ನಿಂಗೇನು ತಲೆ ಕೆಟ್ಟದಾ? ಗೌಡ್ರ ಮನೆ ಇನ್ನೂ ಎಷ್ಟೋ ದೂರ ಅದೆ. ಅಲ್ಲಿಗಂಟಾದ್ರೂ ಮ್ಯಾಲೆ ಬಾರಮ್ಮ!"

ಅವಳು ಮಗಳನ್ನು ಸೊಂಟಕ್ಕೇರಿಸಿಕೊಂಡು ಎತ್ತುಗಳ ಮುಂದೆ ಹಾದಳು.

"ಬುಡಿ ಸಾಮಿ," ಎಂದಳು. "ಮ್ಯಾಕೆ ಬಂದ್ರೆ ಅವ್ರ ಮನೆತಾವ ಇಳಿಯಾಕೆ ಸಂದಿ ಎಲ್ಲದೆ?"