ಒಂದು ಸ್ಟಾಪು ಮೊದಲೇ ಇಳಿಯುವವನು

"ನಿಮ್ಮ ಯಜಮಾನ್ರು ದಿನಾ ಹೊಸಹಳ್ಳೀಲೇ ಇಳ್ಕೊಂಡ್‌ಬಿಡ್ತಾರಂತಲ್ಲ, ಯಾಕ್ರೀ?" ಎಂದು ಪಕ್ಕದ ಮನೆಯ ಲಿಂಗಮ್ಮ ಬೀದಿ ನಲ್ಲಿಯ ಹತ್ತಿರ ಕೇಳಿದಾಗ ಕಮಲಾಕ್ಷಮ್ಮನಿಗೆ ಕೊಡ ತುಂಬಿ ಹರಿಯುತ್ತಿದ್ದುದೂ ಗೊತ್ತಾಗಲಿಲ್ಲ.

"ಅಲ್ಲೇನೋ ಕೆಲಸ ಇರುತ್ತೆ" ಎಂದಳು.

"ದಿನಾನೂ ಇರುತ್ತಾ?" ಎಂದು ನಕ್ಕು ಲಿಂಗಮ್ಮ ತನ್ನ ಬಿಂದಿಗೆ ಇಟ್ಟಳು.

ಕಮಲಾಕ್ಷಮ್ಮ ಈ ಊರಿಗೆ ಬಂದು ಬಹಳ ದಿನವಾಗಿರಲಿಲ್ಲ. ಗಂಡ ಗುರುಸಿದ್ದಯ್ಯ ಪೇಟೆ ಕಡೆಯ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವ ಕೆಲಸದವನು. ಮದುವೆಯಾದ ಮೇಲೂ ಕೆಲವು ವರ್ಷ ಅವನು ಕಾಮಾಕ್ಷಿಪಾಳ್ಯದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದು ಒಬ್ಬನೇ ಇದ್ದ. ಅವಳು ಹರಿಹರದ ಹತ್ತಿರದ ಹಳ್ಳಿಯಲ್ಲಿ ಮಾವನ ಜೊತೆ ಇದ್ದಳು. ರಾಜಾಜಿನಗರದ ಅಂಚಿನಲ್ಲಿ ಕಾರ್ಮಿಕರಿಗೆಂದು ಕಟ್ಟಿದ ಹೊಸ ಮನೆಗಳಲ್ಲಿ ಒಂದು ಸಿಕ್ಕಿದ ಮೇಲೆ ಇಬ್ಬರನ್ನೂ ಕರೆಸಿಕೊಂಡಿದ್ದ. ಸುತ್ತ ಇನ್ನೂ ರಾಗಿ ಹೊಲ. ಬಸ್ಸಿಗೆ ಮಾಗಡಿ ರಸ್ತೆಗೆ ಹೋಗಬೇಕು. ಕಾಮಾಕ್ಷಿಪಾಳ್ಯದ ಸ್ಟಾಪು ಮನೆಗೆ ಹತ್ತಿರ. ಬೆಳಿಗ್ಗೆ ಗುರುಸಿದ್ದಯ್ಯ ಅಲ್ಲೇ ಹತ್ತುತ್ತಿದ್ದ. ಸಂಜೆ ಮಾತ್ರ ಅದಕ್ಕೆ ಮೊದಲಿನ ಹೊಸಹಳ್ಳಿಯಲ್ಲೇ ಇಳಿದು, ರಸ್ತೆ ಬಿಟ್ಟು, ಹೊಲದ ಬದುವಿನ ಮೇಲೆ ಸುತ್ತು ಹಾಕಿ ನಡೆದು ಬರುತ್ತಿದ್ದ.

ದಿನವೆಲ್ಲ ನಿಂತೇ ಕೆಲಸ ಮಾಡುವವನು. ಮನೆಗೆ ಬಂದಾಗ ಅವನ ಪ್ಯಾಂಟಿನ ಅಂಚಿಗೆ ಹುಲ್ಲಿನ ಮುಳ್ಳು ಅಂಟಿರುತ್ತಿತ್ತು, ಪಾದ ಕೆಮ್ಮಣ್ಣಾಗಿರುತ್ತಿತ್ತು. ಬಂದವನೇ ಗೋಡೆಗೆ ಒರಗಿ ಕೂತರೆ ಕಾಫಿ ಆರುವವರೆಗೂ ಲೋಟ ಮುಟ್ಟುತ್ತಿರಲಿಲ್ಲ. ಬಸ್ಸಿನಲ್ಲಿ ನೂಕುನುಗ್ಗಲು, ಅದಕ್ಕೇ ಹೀಗೆ ಎಂದು ಅವಳು ತಿಳಿದಿದ್ದಳು. ಲಿಂಗಮ್ಮನ ಮಾತು ಕೇಳಿದ ಮೇಲೆ ಅವನ ಕಾಲಿಗೆ ನೀರು ಕೊಡುವಾಗಲೆಲ್ಲ ಅವಳು ಆ ಕೆಮ್ಮಣ್ಣನ್ನೇ ನೋಡುತ್ತಿದ್ದಳು. ಒಂದು ದಿನ ಕೇಳಿಯೂ ನೋಡಿದಳು.

"ಯಾಕ್ರೀ, ನಮ್ಮ ಸ್ಟಾಪಲ್ಲಿ ಇಳಿಯಬಾರದಾ? ಅಷ್ಟು ದೂರ ನಡೀತೀರಲ್ಲ."

"ನಡೀಬೇಕು ಅನ್ನಿಸುತ್ತೆ, ನಡೀತೀನಿ" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ. ಜಗಳವಾಡುವಷ್ಟು ಶಕ್ತಿ ಅವನಲ್ಲೂ ಇರಲಿಲ್ಲ, ಅವಳಲ್ಲೂ ಇರಲಿಲ್ಲ.

ಮಾವ ಸೋಮಲಿಂಗಪ್ಪ ಹಳ್ಳಿಯಲ್ಲಿ ಮೇಷ್ಟರಾಗಿದ್ದವರು. ಈಗ ಮಂಡಿನೋವು, ಹೊಸ ಮನೆಯ ಮೆಟ್ಟಿಲು ಬಿಟ್ಟು ಎಲ್ಲಿಗೂ ಹೋಗುವಂತಿರಲಿಲ್ಲ. ಹಳ್ಳಿಯಲ್ಲಾದರೆ ಮಾತಿಗೆ ಜನ ಸಿಗುತ್ತಿದ್ದರು. ಇಲ್ಲಿ ಹಗಲೆಲ್ಲ ಗಂಡಸರು ಶಿಫ್ಟಿಗೆ ಹೋದರೆ ಬೀದಿ ಬಿಕೋ ಎನ್ನುತ್ತಿತ್ತು. ಬೇಸರ ಕಳೆಯಲು ಅವರು ಸೊಸೆಗೆ ಒಗಟು ಒಡ್ಡುತ್ತಿದ್ದರು. ಪ್ರಾಸ ಕಟ್ಟಿದ ಹಳೆಯ ಒಗಟುಗಳಲ್ಲ. ಅವರದೊಂದು ಬೇರೆ ಬಗೆ. ಒಂದು ಪುಟ್ಟ ಸಂಗತಿ ಹೇಳುವರು. ಹೀಗೇಕಾಯಿತು ಎಂದು ಅವಳು ಕಂಡುಹಿಡಿಯಬೇಕು. ಎಷ್ಟು ಪ್ರಶ್ನೆ ಬೇಕಾದರೂ ಕೇಳಬಹುದು, ಅವರು "ಹೌದು" ಇಲ್ಲವೇ "ಅಲ್ಲ" ಎಂದಷ್ಟೇ ಹೇಳುವರು.

"ಇಬ್ರು ಮಳೆಯಾಗೆ ಹೊಂಟಿದ್ರು. ಕೊಡೆ ಇಲ್ಲ, ಕಂಬಳಿ ಇಲ್ಲ. ಒಬ್ರು ತೊಯ್ದು ತೊಪ್ಪೆ ಆದ್ರು. ಇನ್ನೊಬ್ರ ಮೈಗೆ ಒಂದು ಹನಿ ತಾಗಲಿಲ್ಲ. ಹೆಂಗೆ?" ಎಂದು ಒಮ್ಮೆ ಕೇಳಿದ್ದರು. ಅವಳು ಗುಡಿಸಲು, ಮರ, ಗಾಡಿ ಎಲ್ಲ ಕೇಳಿ ಸೋತು, ಕೊನೆಗೆ ಅಕ್ಕಿ ಆರಿಸುತ್ತ ಕೂತಿದ್ದಾಗ ತಾನಾಗಿ ಹೊಳೆದು ನಕ್ಕಿದ್ದಳು. ಹೋಗುತ್ತಿದ್ದವಳು ಬಸುರಿ.

ಇನ್ನೊಂದು ದಿನದ ಒಗಟು ಹೀಗಿತ್ತು. ಒಬ್ಬ ಸೊಸೆ ಬಾವಿಗೆ ಹೋದಳು. ಕೊಡ ಒಡೆದಿರಲಿಲ್ಲ, ಹಗ್ಗ ಕಡಿದಿರಲಿಲ್ಲ, ಬಾವಿಯಲ್ಲಿ ನೀರಿತ್ತು. ಬಹಳ ಹೊತ್ತಿನ ಮೇಲೆ ಖಾಲಿ ಕೊಡ ಹೊತ್ತು ನಗುನಗುತ್ತ ಮನೆಗೆ ಬಂದಳು. ಇದಕ್ಕೆ ಕಮಲಾಕ್ಷಮ್ಮ ಒಂದೇ ಪ್ರಶ್ನೆ ಕೇಳಿದಳು. "ಅವಳು ಹೋಗಿದ್ದು ನೀರಿಗೇನಾ, ಮಾವ?"

"ಅಲ್ಲ!" ಎಂದು ಮಾವ ತೊಡೆ ತಟ್ಟಿಕೊಂಡಿದ್ದರು. "ನಮ್ಮೂರಾಗೆ ಗಂಡಸರೆಲ್ಲ ಹಗ್ಗ, ಗಡಿಗೆ, ರಾಟೆ ಅಂತ ಸಂಜಿತನಕ ಕೇಳಿದ್ರು. ತವರೂರಿನ ಗೆಳತಿ ಬಾವಿಕಟ್ಟೆಗೆ ಬರ್ತಾಳೆ, ಮಾತಾಡಾಕೆ ಹೋದ್ಲು ಅಂತ ಒಬ್ರಿಗೂ ಹೊಳೀಲಿಲ್ಲ."

ಲಿಂಗಮ್ಮನ ಮಾತು ತಲೆಯಲ್ಲಿ ಕೊರೆಯುತ್ತಿದ್ದ ಒಂದು ಮಧ್ಯಾಹ್ನ ಕಮಲಾಕ್ಷಮ್ಮ ತಾನೇ ಮಾವನ ಎದುರು ಕೂತಳು.

"ಇವತ್ತು ನಾನೊಂದು ಹೇಳ್ತೀನಿ. ಒಬ್ಬ ದಿನಾ ಬೆಳಿಗ್ಗೆ ಮನೆ ಹತ್ತಿರದ ಸ್ಟಾಪಲ್ಲಿ ಬಸ್ ಹತ್ತುತಾನೆ. ಸಂಜೆ ಒಂದು ಸ್ಟಾಪು ಮೊದಲೇ ಇಳಿದು ನಡ್ಕೊಂಡ್ ಬರ್ತಾನೆ. ಯಾಕೆ?"

ಸೋಮಲಿಂಗಪ್ಪ ಖುಷಿಯಿಂದ ಗೋಡೆಗೆ ಒರಗಿದರು. "ದುಡ್ಡು ಉಳಿಸಾಕಾ?"

"ಅಲ್ಲ. ಪಾಸ್ ಇದೆ."

"ಮೈಗೆ ವ್ಯಾಯಾಮ ಆಗಲಿ ಅಂತಲಾ?"

"ಅಲ್ಲ. ಮೊದಲೇ ಸುಸ್ತಾಗಿರ್ತಾನೆ."

"ಆ ಮೊದಲಿನ ಸ್ಟಾಪಿನಾಗೆ ಅವನಿಗೆ ಬೇಕಾದವರು ಯಾರಾದ್ರೂ ಅದಾರೇನು?"

ಅವಳು ಸೆರಗಿನ ಅಂಚು ತಿರುವುತ್ತ, "ಗೊತ್ತಿಲ್ಲ" ಎಂದಳು.

"ಒಗಟು ಒಡ್ಡಿದವರು ಗೊತ್ತಿಲ್ಲ ಅನ್ನಂಗಿಲ್ಲವ್ವ" ಎಂದು ನಗಲು ಹೋದ ಮುದುಕರು ಅವಳ ಮುಖ ನೋಡಿ ನಿಲ್ಲಿಸಿದರು. ಬೀದಿಯ ಕಡೆ ನೋಡಿದರು. ಬಾಗಿಲ ಪಕ್ಕದಲ್ಲಿದ್ದ ಮಗನ ಹಳೆಯ ಚಪ್ಪಲಿಯನ್ನು ನೋಡಿದರು.

"ಕಮಲಾ" ಎಂದರು ಕೊನೆಗೆ, ತಗ್ಗಿದ ದನಿಯಲ್ಲಿ. "ಅಲ್ಲಿ ಯಾಕೆ ಇಳೀತಾನೆ ಅಂತ ಕೇಳಿ ಕೇಳಿ ಮನಸು ಕೆಡಿಸಿಕೊಂಡೀಯ. ಅದನ್ನ ಬಿಡು. ಇಲ್ಲಿ ಯಾಕೆ ಇಳಿಯಂಗಿಲ್ಲ, ಅದನ್ನ ಕೇಳು. ಅಲ್ಲಿ ಏನೂ ಇಲ್ಲದೇ ಇರಬೌದು."

ಆ ಸಂಜೆ ಅವಳು ಸೊಪ್ಪು ತರುವ ನೆವ ಮಾಡಿ ಕಾಮಾಕ್ಷಿಪಾಳ್ಯದ ಸ್ಟಾಪಿಗೆ ಹೋದಳು. ಅಲ್ಲಿ ಹೊಂಗೆ ಮರದ ಕೆಳಗೆ ಒಂದು ಕಲ್ಲು ಚಪ್ಪಡಿ. ಅದರ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಒಗೆದು ಒಗೆದು ಬಣ್ಣ ಹೋದ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಪೇಟೆ ಕಡೆಯಿಂದ ಬಸ್ಸು ಬಂದಾಗ ಮುದುಕಿ ಎದ್ದು ನಿಂತು ಬಾಗಿಲನ್ನೇ ನೋಡಿದಳು. ಕಾರ್ಖಾನೆಯ ನಾಲ್ಕಾರು ಜನ ಇಳಿದರು. ಬಸ್ಸು ಹೊರಟಿತು. ಮುದುಕಿ ಮತ್ತೆ ಕೂತಳು.

"ಯಾರಿಗೆ ಕಾಯ್ತಾ ಇದೀರಮ್ಮ?" ಎಂದು ಕಮಲಾಕ್ಷಮ್ಮ ಪಕ್ಕದಲ್ಲಿ ಕೂತು ಕೇಳಿದಳು.

"ನನ್ ಮಗಂಗೆ ಕಣವ್ವ. ಮುನಿರಾಜು ಅಂತ. ಬತ್ತಾನೆ ಈಗ." ಮುದುಕಿಯ ಮಾತಿನಲ್ಲಿ ಆತಂಕವೇನೂ ಇರಲಿಲ್ಲ. "ನಮ್ ಮನೇಲಿ ಬಾಡಿಗೆಗಿದ್ದ ಸಿದ್ದಯ್ಯ ಅಂತ ಒಬ್ನವ್ನೆ. ಇಬ್ರೂ ಒಂದೇ ಕಡೆ ಕೆಲ್ಸ. ಜೋಡೆತ್ತು ಇದ್ದಂಗೆ, ಒಬ್ನ ಬುಟ್ಟು ಒಬ್ನು ಬರಾಕಿಲ್ಲ. ಸಿದ್ದಯ್ಯ ಇನ್ನೂ ಇಳ್ದಿಲ್ಲ ನೋಡು. ಅಂದ್ಮೇಲೆ ಇಬ್ರಿಗೂ ಓವರ್‌ಟೈಮ್ ಆಕವ್ರೆ."

ಕಮಲಾಕ್ಷಮ್ಮನಿಗೆ ಬಾಡಿಗೆ ಮನೆಯ ಮುನಿತಾಯಮ್ಮ ಎಂಬ ಹೆಸರನ್ನು ಗಂಡ ಊರಿಗೆ ಬಂದಾಗ ಹೇಳುತ್ತಿದ್ದುದು ನೆನಪಾಯಿತು. ಅವರ ಮಗ ಟೈಫಾಯ್ಡ್ ಜ್ವರದಲ್ಲಿ ಹೋದನೆಂದೂ ಒಮ್ಮೆ ಹೇಳಿದ್ದ, ಮಾತು ಅಲ್ಲಿಗೇ ಮುಗಿಸಿದ್ದ. ತಾನು ಸಿದ್ದಯ್ಯನ ಹೆಂಡತಿ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಇನ್ನೊಂದು ಬಸ್ಸು ಬಂತು. ಮುದುಕಿ ಎದ್ದಳು, ನೋಡಿದಳು, ಕೂತಳು.

ಬೆಳಕು ಮಾಸುತ್ತಿದ್ದಂತೆ ಮುದುಕಿಯ ಮಗಳು ಮುನಿಲಕ್ಷ್ಮಮ್ಮ ಬಂದಳು. ಮನೆಯಲ್ಲಿ ಊದುಬತ್ತಿ ಹೊಸೆಯುವವಳು. ಅವಳ ಅಂಗೈಯೆಲ್ಲ ಕರಿ ಹಿಟ್ಟು. ಎದುರಿಗಿದ್ದವಳು ಯಾರೆಂದು ಕೇಳಿ ತಿಳಿದ ಮೇಲೆ ಅವಳು ಕಮಲಾಕ್ಷಮ್ಮನನ್ನು ಸ್ವಲ್ಪ ಆಚೆಗೆ ಕರೆದುಕೊಂಡು ಹೋದಳು.

"ಬೆಳಿಗ್ಗೆ ಎಲ್ಲಾ ನೆಪ್ಪಿರುತ್ತೆ ಅಕ್ಕ. ಅಣ್ಣನ ಸಮಾಧಿಗೆ ಹೂವ ಇಕ್ಕಿ ಬತ್ತಾಳೆ. ಹೊತ್ತು ಇಳೀತಿದ್ದಂಗೆ ಎಲ್ಲಾ ಮರ್ತೋಗುತ್ತೆ, ಬಂದು ಇಲ್ ಕುಂತ್ಕೋತಾಳೆ. ಕರುದ್ರೆ ಬರಲ್ಲ. ಎಳೆದ್ರೆ ಕಿರುಚ್ತಾಳೆ."

"ನಮ್ಮವರು ಇಲ್ಲಿ ಇಳಿಯೋದು ಬಿಟ್ಟಿದಾರೆ" ಎಂದಳು ಕಮಲಾಕ್ಷಮ್ಮ. "ಇವರನ್ನ ನೋಡಕ್ಕಾಗದೇನೇ ಇರಬೇಕು."

"ಗೊತ್ತು. ಅವರ ಮೇಲೆ ನಂಗೆ ಬೇಜಾರಿಲ್ಲ." ಮುನಿಲಕ್ಷ್ಮಮ್ಮ ಮೊಣಕೈಯಿಂದ ಹಣೆ ಒರೆಸಿಕೊಂಡಳು. "ಆದ್ರೆ ಅಕ್ಕ, ಮೊದ್ಲು ಸಿದ್ದಯ್ಯಣ್ಣ ಇಲ್ಲೇ ಇಳೀತಿದ್ರಲ್ಲ, ಆಗ ಅವ್ವ ಅವರ ಹಿಂದೆ ಬಾಗ್ಲು ನೋಡೋಳು. ಬಸ್ಸು ಹೋದ್ಮೇಲೆ ಒಂದ್ಗಳಿಗೆ ಅಳೋಳು. ಆಮೇಲೆ ತಾನಾಗೇ ಎದ್ದು ಮನೆಗೆ ಬರೋಳು. ಈಗ ಅಳೋದೂ ಇಲ್ಲ, ಏಳೋದೂ ಇಲ್ಲ."

ಮನೆಗೆ ಬಂದಾಗ ಗುರುಸಿದ್ದಯ್ಯ ಆಗಲೇ ಬಂದು ಗೋಡೆಗೆ ಒರಗಿದ್ದ. ಕಮಲಾಕ್ಷಮ್ಮ ಸೊಪ್ಪೂ ತಂದಿರಲಿಲ್ಲ, ನೆವವನ್ನೂ ಹೇಳಲಿಲ್ಲ.

"ಮುನಿತಾಯಮ್ಮನ್ನ ನೋಡ್ಕೊಂಡ್ ಬಂದೆ" ಎಂದಳು.

ಅವನು ಕಣ್ಣು ಮುಚ್ಚಿದ. "ಅವ್ವ ನನ್ನ ಮುಖಾನೇ ನೋಡ್ತಿರಲಿಲ್ಲ ಕಮಲಾ. ನಾನು ಇಳಿದ್ರೆ ನನ್ನ ಬೆನ್ನ ಹಿಂದೆ ನೋಡೋರು. ಬಸ್ಸು ಹೋಗೋತನಕ. ನನಗೆ ಅಲ್ಲೇ ಕುಸಿದು ಹೋಗೋಣ ಅನ್ನಿಸ್ತಿತ್ತು. ನಾನು ಕಣ್ಣಿಗೆ ಬೀಳದಿದ್ರೆ ಅವರಿಗೂ ನೆನಪಾಗಲ್ಲ, ಮನೇಲಿ ಸುಮ್ನೆ ಇರ್ತಾರೆ ಅಂದ್ಕೊಂಡೆ."

"ಸುಮ್ನೆ ಇಲ್ಲ ಅವರು. ಕತ್ತಲಾಗೋತನಕ ಕಲ್ಲಿನ ಮೇಲೆ ಕೂತಿರ್ತಾರೆ. ನೀವು ಇಳೀದೇ ಇರೋದ್ರಿಂದಲೇ ಕಾಯ್ತಾರೆ. ಸಿದ್ದಯ್ಯ ಬಂದಿಲ್ಲ, ಅಂದ್ರೆ ಮಗನೂ ಅವನ ಜೊತೆ ಕೆಲಸದಲ್ಲಿದಾನೆ ಅಂತ."

ಗುರುಸಿದ್ದಯ್ಯ ಕಣ್ಣು ಬಿಟ್ಟು ಅವಳನ್ನೇ ನೋಡಿದ. ಮೆಟ್ಟಿಲ ಮೇಲೆ ಕೂತಿದ್ದ ಸೋಮಲಿಂಗಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಒಗಟು ಬಿಡಿಸಿದಾಗಿನ ಸಂತೋಷ ಅವರ ಮುಖದಲ್ಲಿ ಇರಲಿಲ್ಲ.

"ನನಗೆ ಸಾಕಾಗೈತೆ" ಎಂದಷ್ಟೇ ಹೇಳಿ ಮಗ ಎದ್ದು ಹಿತ್ತಿಲಿಗೆ ಹೋದ.

ಮರುದಿನ ಅವನು ಹೊಸಹಳ್ಳಿಯಲ್ಲೇ ಇಳಿದ. ಅದರ ಮರುದಿನವೂ ಅಷ್ಟೇ. ಕಮಲಾಕ್ಷಮ್ಮ ಒತ್ತಾಯ ಮಾಡಲಿಲ್ಲ. ಸಂಜೆ ಅಡಿಗೆ ಮುಗಿಸಿ ತಾನೇ ಹೋಗಿ ಮುನಿತಾಯಮ್ಮನ ಪಕ್ಕ ಕೂರುತ್ತಿದ್ದಳು. ಮುದುಕಿ ಅವಳಿಗೆ ಮಗನ ವಿಷಯ ಹೇಳುವಳು: ಅವನಿಗೆ ಅವರೆಕಾಳಿನ ಹುಳಿ ಇಷ್ಟ, ಚಪ್ಪಲಿ ಕಚ್ಚಿದರೂ ಹೇಳುವುದಿಲ್ಲ, ಹೆಣ್ಣು ಗೊತ್ತು ಮಾಡಬೇಕು. ಕೇಳುತ್ತ ಕೇಳುತ್ತ ಕಮಲಾಕ್ಷಮ್ಮನಿಗೂ ಒಂದೊಂದು ಬಸ್ಸು ಬಂದಾಗ ಎದ್ದು ನೋಡುವಂತಾಗುತ್ತಿತ್ತು. ಎದ್ದು ಕೂತು ಮಾಡಿ ಅವಳ ಸೊಂಟ ಸೋಲುತ್ತಿತ್ತು. ಬೀದಿಯಲ್ಲಿ ಲಿಂಗಮ್ಮ ತಡೆದು, "ಏನ್ರೀ, ಈಗ ನೀವೂ ಸ್ಟಾಪು ಕಾಯೋಕ್ಕೆ ಶುರು ಮಾಡಿದ್ರಾ?" ಎಂದಾಗ, "ಹೌದು ಕಣ್ರೀ, ಕಾಯ್ತಾ ಇದೀನಿ" ಎಂದು ನಿಲ್ಲದೆ ಹೋದಳು.

ಒಂದು ಶನಿವಾರ, ಮೋಡ ಕವಿದು ಸೆಕೆ ಹಿಡಿದಿದ್ದ ಸಂಜೆ, ಗುರುಸಿದ್ದಯ್ಯ ಕಾಮಾಕ್ಷಿಪಾಳ್ಯದಲ್ಲಿ ಇಳಿದ.

ಮೊದಲು ಕೆಳಗೆ ಬಂದದ್ದು ಅವನ ಊಟದ ಡಬ್ಬಿಯ ಚೀಲ, ಆಮೇಲೆ ಅವನು. ಮುನಿತಾಯಮ್ಮ ಥಟ್ಟನೆ ಎದ್ದಳು. "ಬಂದ, ಬಂದ" ಎಂದು ಕಮಲಾಕ್ಷಮ್ಮನ ತೋಳು ಹಿಡಿದಳು. ಗುರುಸಿದ್ದಯ್ಯ ಇಳಿದಲ್ಲೇ ನಿಂತ. ಮುದುಕಿ ಅವನ ಹೆಗಲಿನಾಚೆ ಬಾಗಿಲ ಕಡೆ ನೋಡಿದಳು. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹೊಗೆ ಬಿಟ್ಟು ಮಾಗಡಿ ಕಡೆ ಹೋಯಿತು. ಕಮಲಾಕ್ಷಮ್ಮನ ತೋಳಿನ ಮೇಲಿದ್ದ ಕೈ ಮೆಲ್ಲಗೆ ಸಡಿಲವಾಯಿತು.

"ಒಬ್ನೇ ಬಂದಾ ಸಿದ್ದಯ್ಯ?"

"ಹೂಂ ಅವ್ವ. ಒಬ್ನೇ ಬಂದೆ."

"ಅವ್ನು?"

ಗುರುಸಿದ್ದಯ್ಯ ಡಬ್ಬಿಯ ಚೀಲವನ್ನು ನೆಲಕ್ಕಿಟ್ಟ. "ಅವ್ನು ಹೋಗ್ಬುಟ್ಟ ಅವ್ವ. ನಾವೇ ಕಳಿಸಿಕೊಟ್ವಲ್ಲ."

ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡು ಕಲ್ಲಿನ ಮೇಲೆ ಕುಸಿದಳು. ದನಿ ಹೊರಗೆ ಬರದಂತೆ ಅತ್ತಳು. ಅವನು ಅವಳ ಕಾಲ ಬಳಿ ನೆಲದ ಮೇಲೆ ಕೂತ. ಹೋಗುವವರು ನಿಂತು ನೋಡಿ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮುನಿತಾಯಮ್ಮ ಮೂಗು ಒರೆಸಿಕೊಂಡು, "ಎದ್ದೇಳು, ಮಣ್ಣಾಗೆ ಕುಂತ್ಕಬ್ಯಾಡ" ಎಂದು ಅವನ ಹೆಗಲ ಮೇಲೆ ಕೈಯೂರಿ ತಾನೂ ಎದ್ದಳು. ಮೂವರೂ ನಿಧಾನವಾಗಿ ಅವಳ ಮನೆಗೆ ನಡೆದರು. ಇನ್ನೂ ಬೆಳಕಿರುವಾಗಲೇ ಬಂದ ತಾಯಿಯನ್ನು ಕಂಡು ಮುನಿಲಕ್ಷ್ಮಮ್ಮ ಹೊಸೆಯುತ್ತಿದ್ದ ಕಡ್ಡಿಯನ್ನು ಕೈಯಲ್ಲೇ ಹಿಡಿದು ನಿಂತುಬಿಟ್ಟಳು.

ಇದರಿಂದ ಯಾರ ದುಃಖವೂ ತೀರಲಿಲ್ಲ. ಮರುದಿನ ಸಂಜೆಗೆ ಮುದುಕಿ ಮತ್ತೆ ಮರೆತಳು. ಸೋಮವಾರ ಮತ್ತೆ ಅವನು ಇಳಿಯಬೇಕಾಯಿತು, ಅದೇ ಪ್ರಶ್ನೆಗೆ ಅದೇ ಉತ್ತರ ಕೊಡಬೇಕಾಯಿತು. ಕೆಲವು ದಿನ ಅವಳು "ಎಲ್ಲಿ ಬುಟ್ ಬಂದ್ಯೋ ನನ್ ಮಗನ್ನ" ಎಂದು ಅವನ ಎದೆಗೆ ಗುದ್ದಿದಳು. ಕೆಲವು ದಿನ ಏನೂ ಕೇಳದೆ ಅವನ ಜೊತೆ ಹೊರಟಳು. ಗುರುಸಿದ್ದಯ್ಯ ಬಸ್ಸಿನಲ್ಲಿ ಹೊಸಹಳ್ಳಿ ಬಂದಾಗ ಇಳಿಯಬೇಕೆಂದು ಎದ್ದು, ಮತ್ತೆ ಕೂತದ್ದೂ ಉಂಟು ಎಂದು ಹೆಂಡತಿಗೆ ಹೇಳಿದ. ಸೋಮಲಿಂಗಪ್ಪ ಕೆಲವು ಕಾಲ ಯಾವ ಒಗಟನ್ನೂ ಒಡ್ಡಲಿಲ್ಲ. "ಉತ್ತರ ಸಿಕ್ಕಿದ ಮ್ಯಾಲೆ ಆಟ ಮುಗೀತದೆ ಅಂದ್ಕಂಡಿದ್ದೆ" ಎಂದು ಒಂದು ದಿನ ಸೊಸೆಯ ಹತ್ತಿರ ಅಂದರು.

ಬೇಸಗೆಯ ಹೊತ್ತಿಗೆ ಮುನಿತಾಯಮ್ಮನ ಕಾಲು ಊದಿ, ಸ್ಟಾಪಿನವರೆಗೆ ನಡೆಯುವುದು ಆಗದಾಯಿತು. ಗುರುಸಿದ್ದಯ್ಯ ಇಳಿದವನು ನೇರವಾಗಿ ಅವಳ ಬಾಗಿಲಿಗೇ ಹೋಗತೊಡಗಿದ. ಒಂದು ಸಂಜೆ ಅವನು ಬರುವುದು ತಡವಾಯಿತೆಂದು ಕಮಲಾಕ್ಷಮ್ಮ ಹುಡುಕಿಕೊಂಡು ಹೋದಳು. ಅವನು ಆ ಮನೆಯ ಜಗಲಿಯ ಮೇಲೆ, ಕಂಬಕ್ಕೆ ತಲೆ ಆನಿಸಿ, ಬಾಯಿ ತೆರೆದು ಮಲಗಿಬಿಟ್ಟಿದ್ದ. ಪಕ್ಕದಲ್ಲಿ ಕೂತಿದ್ದ ಮುನಿತಾಯಮ್ಮ ಸೆರಗಿನಿಂದ ಅವನಿಗೆ ಗಾಳಿ ಹಾಕುತ್ತಿದ್ದಳು. ಕಮಲಾಕ್ಷಮ್ಮ ಎಬ್ಬಿಸಲು ಹೋದಾಗ ಕೈ ಎತ್ತಿ ತಡೆದಳು.

"ಎಬ್ಬಿಸ್‌ಬ್ಯಾಡ ಕಣವ್ವ. ಬೆಳಗಿಂದ ನಿಂತು ನಿಂತು ಬಂದವ್ನೆ. ಒಂದ್ ಗಳಿಗೆ ಮಲಿಕ್ಕೊಳ್ಲಿ."

ಕಮಲಾಕ್ಷಮ್ಮ ಜಗಲಿಯ ಇನ್ನೊಂದು ತುದಿಯಲ್ಲಿ ಕೂತಳು. ಅವಳಿಗೂ ಕಣ್ಣು ಎಳೆಯುತ್ತಿತ್ತು.