ಆರೂವರೆ ಗಂಟೆಯ ಮೆದೆ

ಬೈರಾಪಟ್ಟಣದ ಸರ್ಕಾರಿ ಶಾಲೆಯ ನಾಲ್ಕನೇ ತರಗತಿಯಲ್ಲಿ ಹನ್ನೆರಡು ಮಕ್ಕಳಿದ್ದರು. ಸಂಕ್ರಾಂತಿ ಕಳೆದ ವಾರ ಪ್ರತಿಮಾ ಮಿಸ್ ಆ ಮಕ್ಕಳಿಗೆ ಫೋನಿನಲ್ಲಿ ಒಂದು ಚಿತ್ರ ತೋರಿಸಿದರು. ಮೊನೆ ಎಂಬ ಫ್ರಾನ್ಸಿನ ಕಲಾವಿದ ಬರೆದದ್ದು.

"ಹುಲ್ ಮೆದೆ ಮಿಸ್!" ಮಕ್ಕಳೆಲ್ಲ ಕೂಗಿದರು.

"ಅವ್ರೂರಲ್ಲೂ ಮೆದೆ ಒಟ್ತಾರಾ?" ಎಂದು ಸ್ವಾಮಿ ಎದ್ದೇ ನಿಂತ.

ಆ ಕಲಾವಿದ ಮೆದೆಗಳನ್ನೇ ಬೆಳಿಗ್ಗೆ, ಸಂಜೆ, ಮಂಜಿನಲ್ಲಿ, ಬಿಸಿಲಿನಲ್ಲಿ ಮತ್ತೆ ಮತ್ತೆ ಬರೆದಿದ್ದನಂತೆ. ಮಿಸ್ ಚೀಟಿ ಎತ್ತಿಸಿ ಒಬ್ಬೊಬ್ಬರಿಗೆ ಒಂದೊಂದು ಹೊತ್ತು ಹಂಚಿದರು. ಬರೆಯಬೇಕಾದದ್ದು ಶಾಲೆಯ ಹಿಂದೆ ಕರಿಯಪ್ಪ ಒಟ್ಟಿದ್ದ ಮೆದೆ. ಅವನ ಮೊಮ್ಮಗಳು ಪುಟ್ಟಿಗೆ ಬಂದದ್ದು ಬೆಳಗಿನ ಆರೂವರೆ.

ಮಾರನೆಯ ದಿನ ಶಾಲು ಹೊದ್ದು ಹೋಗಿ ನಿಂತ ಪುಟ್ಟಿ ಕಣ್ಣುಜ್ಜಿಕೊಂಡಳು. ಕೆರೆಯ ಕಡೆಯಿಂದ ಮಂಜು ಹಬ್ಬಿತ್ತು. ಹುಲ್ಲು ಹಳದಿಯಾಗಿರಲೇ ಇಲ್ಲ. ಮೆದೆಯ ಮೈಯೆಲ್ಲ ನೇರಳೆ, ನೆತ್ತಿಯ ಮೇಲೆ ಮಾತ್ರ ತೆಳುವಾದೊಂದು ಗುಲಾಬಿ ಗೆರೆ. ಅವಳು ಕಂಡಂತೆಯೇ ಬರೆದಳು.

ತರಗತಿಯಲ್ಲಿ ನಗುವೋ ನಗು. "ಏನಮ್ಮೀ, ನಿಮ್ಮನೆ ಹಸ ನೇರಳೆ ಹುಲ್ ತಿಂತದಾ?" ಎಂದ ಸ್ವಾಮಿ. ಮನೆಗೆ ಬಂದರೆ ತಾತನದೂ ಅದೇ ರಾಗ.

"ಐವತ್ತು ವರ್ಸದಿಂದ ಮೆದೆ ಒಟ್ತಾ ಇವ್ನಿ ಕಣವ್ವ. ನೇರಳೆ ಹುಲ್ಲ ನಾ ಕಾಣೆ."

"ನಾಳೀಕ್ ನನ್ ಜೊತೆ ಬಾ ತಾತ."

ಕರಿಯಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಬಂದ. ಮೆದೆಯನ್ನು ನೆತ್ತಿಯಿಂದ ಬುಡದವರೆಗೆ ನೋಡಿದ. "ದಿಟವೇ ಕಣವ್ವ. ದಿನಾ ಹುಲ್ ಹಿರ್ಯಕ್ ಬತ್ತಿದ್ದೆ, ಒಂದಿನಾನೂ ನೋಡ್ನಿಲ್ವಲ್ಲ!" ಮಕ್ಕಳು ಬರೆದು ಮುಗಿಸುವ ತನಕ ಮೆದೆಯ ಆಕಾರ ಕೆಡದಿರಲೆಂದು ಅಂದಿನಿಂದ ಅವನು ಹಿಂಬದಿಯಿಂದಲೇ ಹುಲ್ಲು ಹಿರಿದ.

ವಿರೂಪಾಕ್ಷಿಪುರದಲ್ಲಿ ನಡೆದ ಹೋಬಳಿಯ ಶಾಲೆಗಳ ಚಿತ್ರಸ್ಪರ್ಧೆಗೆ ಮಕ್ಕಳು ಹನ್ನೆರಡೂ ಚಿತ್ರಗಳನ್ನು ಒಯ್ದರು. ಉಳಿದ ಶಾಲೆಗಳ ಚಿತ್ರಗಳಲ್ಲೆಲ್ಲ ಎರಡು ಬೆಟ್ಟ, ನಡುವೆ ಸೂರ್ಯ. ತೀರ್ಪುಗಾರರಾಗಿ ಬಂದಿದ್ದ ನಿವೃತ್ತ ಡ್ರಾಯಿಂಗ್ ಮೇಷ್ಟ್ರು ಮುನಿಶಾಮಯ್ಯ ಬೈರಾಪಟ್ಟಣದ ಮೇಜಿನ ಮುಂದೆ ಹುಬ್ಬು ಗಂಟಿಕ್ಕಿದರು.

"ಹನ್ನೆರಡು ಜನವೂ ಒಂದೇ ಮೆದೆ ಬರೆದಿದ್ದೀರಾ? ಇದ್ಯಾಕೆ ನೇರಳೆ? ಬಣ್ಣ ತಪ್ಪಾಯ್ತಲ್ಲಮ್ಮ."

ಮಿಸ್ ಬಾಯಿ ತೆರೆಯುವಷ್ಟರಲ್ಲಿ ಪುಟ್ಟಿಯೇ ಕೇಳಿಬಿಟ್ಟಳು: "ಸಾ, ಮೆದೇನ ನೀವು ಎಷ್ಟ್ ಗಂಟೆಗ್ ನೋಡಿದ್ರಿ?"

ಮೇಷ್ಟ್ರು ಹಾಳೆಯಿಂದ ತಲೆ ಎತ್ತಿದರು.

"ಆರೂವರೆಗ್ ಬಂದ್ ನೋಡಿ ಸಾ. ನಮ್ ತಾತನೂ ನೋಡೈತೆ."

ಮೇಷ್ಟ್ರು ಹನ್ನೆರಡೂ ಹಾಳೆಗಳನ್ನು ಕಲೆಸಿ ಅವಳ ಮುಂದೆ ಹರಡಿದರು. "ಹಾಗಾದ್ರೆ ಬೆಳಿಗ್ಗೆಯಿಂದ ಸಂಜೆವರೆಗೆ ಜೋಡಿಸು, ನೋಡೋಣ."

ಪುಟ್ಟಿ ಒಂದೊಂದಾಗಿ ಇಡುತ್ತ ಹೋದಳು. ಎರಡು ಹಾಳೆಗಳ ಮುಂದೆ ಮಾತ್ರ ಕೈ ತಡೆಯಿತು. ಎರಡರಲ್ಲೂ ಹೊಂಬಿಸಿಲು, ಉದ್ದ ನೆರಳು. ಬಗ್ಗಿ ನೋಡಿದಳು. "ಇದ್ರಲ್ಲಿ ನೆರಳು ಸ್ಕೂಲ್ ಕಡೀಕ್ ಬಿದ್ದೈತೆ. ಸೂರ್ಯ ಹುಟ್ಟೋದೇ ಸ್ಕೂಲ್ ಕಡೆಯಿಂದ, ಅದ್ಕೇ ಇದು ಸಂಜೆ."

ಮೇಷ್ಟ್ರು ಹಾಳೆಗಳನ್ನು ತಿರುವಿ, ಹಿಂದೆ ಬರೆದಿದ್ದ ಹೊತ್ತನ್ನು ಒಂದೊಂದಾಗಿ ಓದಿದರು. ಹನ್ನೆರಡೂ ಸರಿ. ಕನ್ನಡಕ ತೆಗೆದು ಪುಟ್ಟಿಯನ್ನೇ ನೋಡಿದರು. "ಮೂವತ್ತು ವರ್ಷ ಮಕ್ಕಳಿಗೆ ಹುಲ್ಲು ಹಳದಿ ಅಂತಲೇ ಕಲಿಸಿದೆ. ತಪ್ಪು ನಂದೇ ಕಣಮ್ಮ."

ಮೊದಲ ಬಹುಮಾನಕ್ಕೆ ಅವರು ಒಂದು ಹೆಸರು ಓದಲಿಲ್ಲ, ಹನ್ನೆರಡು ಹೆಸರು ಓದಿದರು. ಮಕ್ಕಳೆಲ್ಲ ಒಟ್ಟಿಗೆ ನುಗ್ಗಿದ ರಭಸಕ್ಕೆ ವೇದಿಕೆಯ ಹಲಗೆ ಕಿರುಗುಟ್ಟಿತು. ಫಲಕ ಕೈಯಿಂದ ಕೈಗೆ ದಾಟಿ ಪುಟ್ಟಿಯ ಕೈಗೆ ಬಂದಾಗ ಅವಳು ಎರಡೂ ಕೈಯಲ್ಲಿ ಅದನ್ನು ತಲೆಯ ಮೇಲಕ್ಕೆತ್ತಿ ಹಿಡಿದಳು. ಊರು ಮುಟ್ಟುವವರೆಗೆ ಟೆಂಪೋದಲ್ಲಿ ಒಬ್ಬರೂ ಕೂರಲಿಲ್ಲ. ಬೈರಾಪಟ್ಟಣದ ಹೆಸರನ್ನು ಅವರು ಎಷ್ಟು ಜೋರಾಗಿ ಕೂಗಿದರೆಂದರೆ, ದಾರಿಯುದ್ದಕ್ಕೂ ಹೊಲದಲ್ಲಿದ್ದವರು ಕೆಲಸ ಬಿಟ್ಟು ಎದ್ದು ನಿಂತು ನೋಡಿದರು.