ತೊಂಬತ್ತೆಂಟು ಅಂಕದ ಹಲ್ಲು

ಜಂಬ ಕೊಚ್ಚಿಕೊಳ್ಳುವವರಿಗೆ ಒಂದು ಕಿವಿಮಾತು. ಕೊಚ್ಚಿಕೊಳ್ಳಲೇಬೇಕೆಂದಿದ್ದರೆ ಯಾರೂ ಪರೀಕ್ಷೆ ಮಾಡಲಾಗದ ವಿಷಯ ಹುಡುಕಿಕೊಳ್ಳಿ. ಈ ಮನೆಯ ಅತ್ತೆ ಕೊಚ್ಚಿಕೊಂಡದ್ದು ಹಲ್ಲಿನ ಬಗ್ಗೆ. "ಈ ವಯಸ್ಸಲ್ಲೂ ಒಂದು ಹಲ್ಲು ಅಲ್ಲಾಡಿಲ್ಲ ನೋಡಿ" ಎಂದು ಹಾಲಿನ ಅಂಗಡಿಯವನಿಂದ ಹಿಡಿದು ಬೀಗರವರೆಗೆ ಎಲ್ಲರಿಗೂ ಹೇಳಿದ್ದರು. ಮಾತೇನೋ ಸುಳ್ಳಲ್ಲ. ಅಲ್ಲಾಡುವಂಥವೆಲ್ಲ ಮಗ ಹಾಸ್ಟೆಲಿನಲ್ಲಿದ್ದ ಕಾಲಕ್ಕೇ ಉದುರಿಹೋಗಿ, ಮೇಲೂ ಕೆಳಗೂ ಕಟ್ಟಿಸಿದ ಹಲ್ಲಿನ ಪೂರ್ತಿ ಸೆಟ್ಟು ಬಂದು ಕೂತಿತ್ತು. ಅದು ಗೊತ್ತಿದ್ದದ್ದು ಗಂಡನೊಬ್ಬನಿಗೆ. ಆ ಪುಣ್ಯಾತ್ಮ ಗುಟ್ಟನ್ನು ತನ್ನ ಜೊತೆಗೇ ಒಯ್ದಿದ್ದ.

ಸೊಸೆಗೆ ಪತ್ರಿಕೆಯಲ್ಲಿ ಕೆಲಸ. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಫ್ಯಾನು, ಏನೇ ಹೊಸದು ಬರಲಿ, ಮನೆಗೆ ತಂದು ಕೆಲವು ವಾರ ಬಳಸಿ, ಚೆನ್ನಾಗಿದ್ದರೆ ಚೆನ್ನಾಗಿದೆ, ಇಲ್ಲದಿದ್ದರೆ ಇಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಬರೆಯುತ್ತಾಳೆ. ಅವಳು ಹೌದೆಂದರೆ ಜನ ಕಣ್ಣು ಮುಚ್ಚಿಕೊಂಡು ಕೊಳ್ಳುತ್ತಾರೆ. ಅತ್ತೆಗೆ ಇದರ ಜಂಬವೂ ಉಂಟು, ಆದರೆ ಅದನ್ನು ಸೊಸೆಯ ಮುಂದೆ ಮಾತ್ರ ಹೇಳಿದವರಲ್ಲ.

ಈ ಸಲ ಬಂದದ್ದು ಕರೆಂಟಿನ ಹಲ್ಲುಜ್ಜುವ ಬ್ರಷ್ಷು. ಗಟ್ಟಿಯಾಗಿ ಒತ್ತಿದರೆ ಕೆಂಪು ದೀಪ ಹತ್ತಿಸುತ್ತದೆ. ಯಾವ ಹಲ್ಲು ಉಜ್ಜಿದಿರಿ, ಯಾವುದನ್ನು ಬಿಟ್ಟಿರಿ ಎಂದು ಫೋನಿಗೆ ಚಾಡಿ ಹೇಳುತ್ತದೆ. ಕೊನೆಗೆ ಮೇಷ್ಟ್ರ ಹಾಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತದೆ.

"ನಂದೂ ಇವ್ರದೂ ಹೇಗೂ ನೋಡ್ತೀವಿ. ವಯಸ್ಸಾದವರ ಬಾಯಿಗೆ ಹೇಗಿರತ್ತೆ ಅಂತ ಗೊತ್ತಾಗ್ಬೇಕು. ನಿಮ್ಮಂಥ ಹಲ್ಲು ಇನ್ಯಾರಿಗಿದೆ ಅತ್ತೆ?" ಎಂದು ಸೊಸೆ ಅವರಿಗೆಂದೇ ಬೇರೆ ತುದಿ ಸಿಕ್ಕಿಸಿ ಕೈಗಿತ್ತಳು. ಅತ್ತೆಗೆ ಅದು ಬಿಸಿ ತುಪ್ಪವಾಯಿತು. ಒಲ್ಲೆ ಎಂದರೆ ಅನುಮಾನ, ಹೂಂ ಎಂದರೆ ಅವಮಾನ.

ಬಚ್ಚಲುಮನೆಯ ಚಿಲಕ ಹಾಕಿಕೊಂಡು ಮೊದಲು ವಸಡಿಗೇ ಹಿಡಿದು ನೋಡಿದರು. ಕಚಗುಳಿಗೆ ಕಣ್ಣಲ್ಲಿ ನೀರು ಬಂತು. ಸರಿ, ಸೆಟ್ಟನ್ನೇ ತೆಗೆದು ಬಾಯಿಯ ಎದುರಿಗೆ ಹಿಡಿದು, ಫೋನು ತೋರಿಸಿದ ಕಡೆಗೆಲ್ಲ ಬ್ರಷ್ಷು ತಿರುಗಿಸುತ್ತ ಹೋದರು. ಕೈಯಲ್ಲಿ ಹಿಡಿದ ಹಲ್ಲಿಗೆ ಮೂಲೆಯೇನು, ಹಿಂದೇನು, ಎಲ್ಲವೂ ಅಂಗೈ ಮೇಲಿನ ನೆಲ್ಲಿಕಾಯಿಯೇ. ಬಂದ ಅಂಕ ತೊಂಬತ್ತೆಂಟು.

ಮಗನಿಗೆ ಅರವತ್ತು ದಾಟಲಿಲ್ಲ. ಸೊಸೆಗೆ ದಿನವೂ ಕೆಂಪು ದೀಪ.

"ಈ ಬ್ರಷ್ಷೇ ಸರಿ ಇಲ್ಲ" ಎಂದು ಮಗ ಗೊಣಗಿದ.

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಸರಿಯಾಗಿ ಉಜ್ಜೋದು ಕಲಿಯಪ್ಪ" ಎಂದರು ಅತ್ತೆ. ಭಯದ ಜೊತೆಗೆ ಖುಷಿಯೂ ಶುರುವಾಗಿತ್ತು. ಇಷ್ಟು ಅಂಕ ಅವರು ಶಾಲೆಯಲ್ಲೂ ತೆಗೆದವರಲ್ಲ.

ಬರಹ ಕಳಿಸುವ ದಿನ ಬೆಳಿಗ್ಗೆ ಸೊಸೆ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಗಟ್ಟಿಯಾಗಿ ಓದಿದಳು: "ಎಳೆಯರಿಗಿಂತ ಹಿರಿಯರಿಗೇ ಈ ಬ್ರಷ್ಷು ಹೆಚ್ಚು ಒಗ್ಗುತ್ತದೆ. ನಮ್ಮ ಮನೆಯ ಹಿರಿಯರ ಅಂಕಗಳನ್ನು ದಿನವೂ ನಾನೇ ಕಣ್ಣಾರೆ ಕಂಡಿದ್ದೇನೆ. ನಿಮ್ಮ ತಂದೆತಾಯಿಗೆ ಧೈರ್ಯವಾಗಿ ಕೊಡಿಸಿ."

ಅತ್ತೆಯ ಎದೆ ಧಸಕ್ಕೆಂದಿತು. ತಮ್ಮ ಜಂಬ ಹಾಲಿನ ಅಂಗಡಿಯವರೆಗೆ ಹೋದರೆ ಯಾರಿಗೂ ನಷ್ಟವಿಲ್ಲ. ಆದರೆ ಈ ಹುಡುಗಿಯ ಮಾತು ನಂಬಿ ಎಷ್ಟು ಮನೆಗಳಲ್ಲಿ ದುಡ್ಡು ಬಿಚ್ಚುತ್ತಾರೋ. ಇದುವರೆಗೆ ಒಂದು ಸುಳ್ಳಕ್ಷರ ಬರೆಯದವಳು, ಈಗ ಅತ್ತೆಯ ದೆಸೆಯಿಂದ ಬರೆದು ಕೂತಿದ್ದಾಳೆ, ಅದೂ ತನಗೇ ಗೊತ್ತಿಲ್ಲದೆ. ಅವರಿಗೆ ನಾಚಿಕೆಯಾಯಿತು. ಹಲ್ಲಿಲ್ಲದ್ದಕ್ಕೆ ಎಂದೂ ಆಗದಷ್ಟು ನಾಚಿಕೆ.

"ಕಳಿಸ್ಬೇಡ, ತಡಿ" ಎಂದವರೇ ಬಚ್ಚಲುಮನೆಗೆ ಹೋದರು. ಬಂದಾಗ ಕೆನ್ನೆ ಒಳಗೆ ಹೋಗಿತ್ತು, ಕೈಯಲ್ಲಿ ಸ್ಟೀಲ್ ಲೋಟವಿತ್ತು. ಅದನ್ನು ಸೊಸೆಯ ಮುಂದಿಟ್ಟರು.

"ತೊಂಬತ್ತೆಂಟು ತೆಗೆದಿದ್ದು ನಾನಲ್ಲಮ್ಮ, ಇದು."

ಮಾತಿನಲ್ಲಿ ಅರ್ಧ ಗಾಳಿಯೇ ಇತ್ತು. ಮಗ ಲೋಟದೊಳಗೆ ಇಣುಕಿ, ಅಮ್ಮನ ಮುಖ ನೋಡಿ, ಮತ್ತೆ ಲೋಟ ನೋಡಿದ. ಸೊಸೆ ಲೋಟವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅತ್ತೆ ಸೆರಗಿನ ಅಂಚು ಹಿಡಿದು ನಿಂತಿದ್ದರು.

"ಅಂದ್ರೆ, ಬಾಯಿಯ ಎದುರಿಗೆ ಕೈಯಲ್ಲಿ ಹಿಡ್ಕೊಂಡು ಉಜ್ಜಿದ್ರಾ?"

"ಹೂಂ."

"ಅದಕ್ಕೆ ಅದು ಗೊತ್ತೇ ಆಗಲಿಲ್ವಾ?"

"ಎಲ್ಲಿ ಗೊತ್ತಾಗತ್ತೆ? 'ಶಭಾಷ್' ಅಂತು."

ಸೊಸೆ ಬಿದ್ದು ಬಿದ್ದು ನಕ್ಕಳು. ಮಗನೂ ನಕ್ಕ. ತಡೆದುಕೊಂಡಿದ್ದ ಅತ್ತೆಗೂ ಕೊನೆಗೆ ನಗು ಉಕ್ಕಿ ಬಂತು. "ಇಷ್ಟು ದುಡ್ಡಿನ ಬ್ರಷ್ಷಿಗೆ ಬಾಯಿ ಯಾವ್ದು ಕೈ ಯಾವ್ದು ತಿಳಿಯಲ್ಲ! ಅತ್ತೆ, ನಾನು ಮಾಡಿದ್ದು ಬರೀ ಉಜ್ಜೋ ಕೆಲಸ, ಪರೀಕ್ಷೆ ಮಾಡಿದ್ದು ನೀವು" ಎಂದು ಸೊಸೆ ಕಣ್ಣೊರೆಸಿಕೊಂಡು, ಬರೆದದ್ದನ್ನೆಲ್ಲ ಅಳಿಸಿದಳು. ಆಮೇಲೆ ದನಿ ತಗ್ಗಿಸಿದಳು. "ಇದನ್ನ ಬರೀಬೇಕು ಅತ್ತೆ. ಯಾರು ಅಂತ ಹೇಳಲ್ಲ. ಪರಿಚಯದ ಹಿರಿಯರೊಬ್ಬರು ಅಂತ ಹಾಕ್ತೀನಿ, ಆಗ್ಬಹುದಾ?"

ಅತ್ತೆ ಪಕ್ಕದ ಕುರ್ಚಿ ಎಳೆದು ಕೂತು ಸ್ವಲ್ಪ ಯೋಚಿಸಿದರು.

"ಯಾರೋ ಪರಿಚಯದವರು ಅಂದ್ರೆ ಯಾರು ನಂಬ್ತಾರೆ? ನಿನ್ನ ಮಾತಿಗೆ ಬೆಲೆ ಬರಬೇಕಲ್ವಾ? 'ನಮ್ಮತ್ತೆ' ಅಂತಾನೇ ಬರಿ."

ಸೊಸೆ ಬರೆದಳು. ಅತ್ತೆ ಕನ್ನಡಕ ಹಾಕಿಕೊಂಡು, ಹಲ್ಲು ಹಾಕಿಕೊಳ್ಳುವುದನ್ನು ಮರೆತು, ಆ ಒಂದು ಪದ ಸರಿಯಾಗಿ ಬಂದಿದೆಯೇ ಎಂದು ಬಗ್ಗಿ ನೋಡಿದರು.